ಮಾವ ಆರಿಸಿದ ಪ್ಲಾಸ್ಮಾ ಕಟ್ಟರ್

ನಮ್ಮ ಮಾವನ ಕೈಯಿಂದ ಯಾವಾಗಲೂ ಸೀಗೆಪುಡಿ ವಾಸನೆ ಬರುತ್ತಿತ್ತು. ಗ್ಯಾಸ್ ಕಟಿಂಗ್ ಮಾಡುವ ಗಂಡಸಿನ ಕೈ ಅದು. ಮುಂಗೈ ತುಂಬ ಕಿಡಿ ಸಿಡಿದ ಕಪ್ಪು ಚುಕ್ಕೆಗಳು, ಎಡಗೈ ಹೆಬ್ಬೆರಳಿನ ಉಗುರು ಅರ್ಧ ಬೆಳೆದು ಅಲ್ಲಿಗೇ ನಿಂತುಬಿಡುತ್ತಿತ್ತು. ಅಂಥ ಕೈಯಿಂದ ಎಣ್ಣೆನೀರು ಹಾಕಿಕೊಂಡ ಹೆಣ್ಣುಮಕ್ಕಳ ತಲೆಯ ವಾಸನೆ. ಮದುವೆಯಾಗಿ ಚಳ್ಳಕೆರೆಗೆ ಬಂದ ಹೊಸದರಲ್ಲಿ ನನಗೆ ಇದು ಏನೆಂದೇ ತಿಳಿಯಲಿಲ್ಲ. ಹಿತ್ತಲ ನೀರಿನ ತೊಟ್ಟಿಯ ಕಟ್ಟೆ ಮೇಲೆ ಒಂದು ಡಬ್ಬಿಯಲ್ಲಿ ಸೀಗೆಪುಡಿ ಇರುತ್ತಿತ್ತು. ಒಂದು ಶುಕ್ರವಾರ ತಲೆಗೆಂದು ಅದರಲ್ಲಿ ಕೈ ಹಾಕಿದೆ. ಮಾವ ತಮ್ಮ ಕೆಲಸದ ಶೆಡ್ಡಿನ ಒಳಗಿಂದಲೇ ಕೂಗಿದರು, “ಅಮ್ಮಾಯಿ, ಅದು ತಲೆಗಲ್ಲ, ಸಿಲಿಂಡರಿಗೆ.”

ಈ ಮನೆಯಲ್ಲಿ ಸಿಲಿಂಡರಿಗೂ ಎಣ್ಣೆಸ್ನಾನ ಮಾಡಿಸುತ್ತಾರೇನೋ ಎಂದುಕೊಂಡೆ. ಯಾರನ್ನು ಕೇಳುವುದು? ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಆಮೇಲೆ ಮಾವನೇ ಬಿಡಿಸಿ ಹೇಳಿದರು. ಕಬ್ಬಿಣ ಕತ್ತರಿಸುವ ಗ್ಯಾಸಿಗೆ ಆಕ್ಸಿಜನ್ ಬೇಕು, ಆಕ್ಸಿಜನ್ನಿಗೂ ಎಣ್ಣೆಗೂ ಆಗುವುದಿಲ್ಲ, ಸೋಕಿದರೆ ಹತ್ತಿಕೊಳ್ಳುತ್ತದೆ. ನಮ್ಮೂರೋ ಎಣ್ಣೆಯ ಊರು. ಅವರ ಕೆಲಸವೆಲ್ಲ ಶೇಂಗಾ ಎಣ್ಣೆ ಮಿಲ್ಲುಗಳಲ್ಲಿ. ಅಲ್ಲಿ ಗೋಡೆ ಮುಟ್ಟಿದರೆ ಎಣ್ಣೆ, ಬಾಗಿಲು ಮುಟ್ಟಿದರೆ ಎಣ್ಣೆ, ಟೀ ಲೋಟಕ್ಕೂ ಎಣ್ಣೆ. ಹಾಗಾಗಿ ಸಿಲಿಂಡರಿನ ಕೀಲಿಗೆ ಕೈ ಹಾಕುವ ಮುಂಚೆ ಮೊಳಕೈವರೆಗೆ ಸೀಗೆಪುಡಿ ಹಚ್ಚಿ ತಿಕ್ಕಿ ತೊಳೆಯುತ್ತಿದ್ದರು. ಸೋಪು ನಂಬುತ್ತಿರಲಿಲ್ಲ. “ಸೋಪು ವಾಸನೆ ತೆಗೀತೈತೆ, ಜಿಡ್ಡು ತೆಗಿಯಲ್ಲ” ಎನ್ನುತ್ತಿದ್ದರು. ಊಟಕ್ಕೆ ಕೂರುವಾಗ ಬರೀ ನೀರಲ್ಲಿ ಕೈ ಅದ್ದಿ ಬರುತ್ತಿದ್ದ ಮನುಷ್ಯ ಸಿಲಿಂಡರಿಗೆ ಮಾತ್ರ ಮಡಿ ಮಾಡುತ್ತಿದ್ದರು.

ನನ್ನ ತವರು ಮೊಳಕಾಲ್ಮೂರು. ರೇಷ್ಮೆ ಸೀರೆ ನೇಯುವ ಮನೆ, ಮನೆಮಾತು ತೆಲುಗು. ಮಾವನ ಕಡೆಯವರೂ ಮೂಲದಲ್ಲಿ ಮಗ್ಗದವರೇ. ಅವರಪ್ಪ ಮಗ್ಗ ಬಿಟ್ಟು ಚಳ್ಳಕೆರೆಯ ಮಿಲ್ಲಿಗೆ ಕೂಲಿಗೆ ಬಂದರಂತೆ, ಇವರು ಅಲ್ಲೇ ಬೆಳೆದು ಕಬ್ಬಿಣದ ಕೆಲಸ ಕಲಿತರು. ಅವರ ನಾಲಿಗೆಯಲ್ಲಿ ತೆಲುಗು ಅಲ್ಪಸ್ವಲ್ಪ ಉಳಿದಿತ್ತು. ನನ್ನನ್ನು ಕೊನೆಯವರೆಗೂ ಅಮ್ಮಾಯಿ, ಅಂದರೆ ಹುಡುಗಿ, ಎಂದೇ ಕರೆದರು, ನಾನು ಮಾವಯ್ಯ ಎನ್ನುತ್ತಿದ್ದೆ. ಮನೆ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡು ಗೇಟು, ಕಿಟಕಿ, ಶೇಂಗಾ ಒಡೆಯುವ ಮಿಷನ್ನಿನ ತಗಡು, ಹೀಗೆ ಬಂದ ಕೆಲಸ ಮಾಡುತ್ತಿದ್ದರು. ಮಿಲ್ಲಿನವರು ಕರೆದರೆ ಅಲ್ಲಿಗೂ ಹೋಗುತ್ತಿದ್ದರು. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ. ಸುಮ್ಮನೆ ಎದ್ದು ಹೋಗಿ ಒಗ್ಗರಣೆ ಮಂಡಕ್ಕಿ ತಿಂದು ಬರುತ್ತಿದ್ದರು. ಒಂದೊಂದು ದಿನ ಎಷ್ಟು ಸಲ ಹೋಗಿ ಬಂದರು ಎಂಬುದರ ಮೇಲೆ ಕೆಲಸ ಹೇಗೆ ನಡೆದಿದೆ ಎಂದು ನಾನು ಅಡುಗೆಮನೆಯಿಂದಲೇ ಹೇಳಿಬಿಡುತ್ತಿದ್ದೆ.

ನಾನು ಆ ಶೆಡ್ಡಿನೊಳಗೆ ಹೋದ ಕತೆಯೂ ಅವರದೇ ಕಿತಾಪತಿ. ಒಮ್ಮೆ ನನ್ನನ್ನು ಕರೆದೊಯ್ಯಲು ಮೊಳಕಾಲ್ಮೂರಿಗೆ ಬಂದಿದ್ದರು. ನಾನು ಮಗ್ಗದ ಮುಂದೆ ಕೂತು ಹೊಸ ಹಾಸಿನ ಎಳೆಗಳನ್ನು ಹಳೆಯದಕ್ಕೆ ಹೊಸೆದು ಕೂಡಿಸುತ್ತಿದ್ದೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಒಂದೊಂದೇ ರೇಷ್ಮೆ ಎಳೆ ಹಿಡಿದು ಸೇರಿಸುವ ಕೆಲಸ. ಅವರ ಟೀ ಆರಿ ಕೆನೆ ಕಟ್ಟಿತು, ಅವರು ನೋಡುತ್ತಲೇ ಇದ್ದರು. ವಾಪಸ್ಸು ಬರುವಾಗ ಬಸ್ಸು ಬಿ.ಜಿ. ಕೆರೆ ದಾಟಿದ ಮೇಲೆ ಕೇಳಿದರು, “ನಿನ್ನ ಕೈ ಅದುರಲ್ವಾ?”

“ಅದುರಿದ್ರೆ ನಮ್ಮಪ್ಪ ಅನ್ನ ಹಾಕ್ತಿದ್ರಾ ಮಾವಯ್ಯ?” ಎಂದೆ.

ಮಾರನೇ ದಿನ ಬೆಳಿಗ್ಗೆ ನನ್ನ ಕೈಗೆ ಚಾಕ್‌ಪೀಸು ಕೊಟ್ಟು ಒಂದು ತಗಡಿನ ಮುಂದೆ ಕೂರಿಸಿದರು. “ಗೆರೆ ಎಳಿ. ಗೆರೆ ನಿಂದು, ಬೆಂಕಿ ನಂದು.” ಅವತ್ತಿನಿಂದ ಅಳತೆ ಹಾಕುವುದು, ಗೆರೆ ಎಳೆಯುವುದು, ತಗಡು ಹಿಡಿಯುವುದು ನನ್ನ ಪಾಲಿಗೆ ಬಂತು. ಬೀದಿಯ ಹೆಂಗಸರು ಏನೇನೋ ಅಂದರು. ಅಂದುಕೊಳ್ಳಲಿ. ಒಲೆ ಮುಂದೆ ಕೂತರೂ ಕಣ್ಣು ಉರಿಯುತ್ತದೆ, ಇಲ್ಲೂ ಉರಿಯುತ್ತದೆ. ಇಲ್ಲಿ ಸಂಜೆಗೆ ಒಂದು ಗೇಟಾದರೂ ನಿಂತಿರುತ್ತಿತ್ತು.

ವರ್ಷಗಳು ಹೀಗೇ ಹೋದವು. ಆಮೇಲೆ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ನನಗೆ ಗೊತ್ತಾದದ್ದು ಟೀ ಲೋಟದಿಂದಲ್ಲ, ಕತ್ತರಿಸಿದ ಅಂಚಿನಿಂದ. ಶೇಂಗಾ ಮಿಷನ್ನಿನ ಒಂದು ತಗಡಿನ ಅಂಚು ಗರಗಸದ ಹಲ್ಲಿನಂತೆ ಏರುಪೇರಾಗಿ ಬಂತು. ಆಕ್ಸಿಜನ್ ಒತ್ತಡ ಸರಿಯಿಲ್ಲ ಎಂದರು. ಮಾರನೇ ದಿನ ಕಟ್ಟರಿನ ಮೂತಿ ಸವೆದಿದೆ ಎಂದರು. ಆಮೇಲೊಂದು ದಿನ, “ಅಮ್ಮಾಯಿ, ಗೆರೇನೇ ವಾರೆ ಎಳ್ದೀಯಲ್ಲ” ಎಂದುಬಿಟ್ಟರು. ನನ್ನ ಗೆರೆಯನ್ನು ವಾರೆ ಎಂದರೆ ನಾನು ಸುಮ್ಮನಿರುವವಳೇ? ಪಟ್ಟಿ ತಂದು ಇಟ್ಟು ತೋರಿಸಿದೆ. ಗೆರೆ ನೆಟ್ಟಗಿತ್ತು. ಅವರು ಎದ್ದು ಮಂಡಕ್ಕಿ ತಿನ್ನಲು ಹೋದರು. ತೋರಿಸದೆ ಇದ್ದರೇ ಚೆನ್ನಾಗಿತ್ತು ಎಂದುಕೊಂಡೆ.

ಡಾಕ್ಟರು ಇದು ನರದ ತೊಂದರೆ, ಮಾತ್ರೆಯಿಂದ ತಡೆಯಬಹುದು, ಪೂರ್ತಿ ನಿಲ್ಲಿಸಲು ಆಗುವುದಿಲ್ಲ ಎಂದರು. ಅದಾದ ಸ್ವಲ್ಪ ದಿನಕ್ಕೆ ಉರಿಯುತ್ತಿದ್ದ ಕಟ್ಟರ್ ಅವರ ಕೈಯಲ್ಲಿ ಜಾರಿ ಪಂಚೆಗೆ ಬೆಂಕಿ ತಾಗಿತು. ನಾನು ಪಕ್ಕದಲ್ಲಿದ್ದ ಬಕೆಟ್ಟು ನೀರು ಸುರಿದೆ. ಕಾಲಿಗೆ ಸ್ವಲ್ಪ ಸುಟ್ಟಿತು ಅಷ್ಟೇ. ಆದರೆ ಸಂಜೆ ನಮ್ಮ ಯಜಮಾನರು ಬಂದು ಆ ಪಂಚೆ ನೋಡಿದರು. ಅವರು ಮಾರುಕಟ್ಟೆಯಲ್ಲಿ ಶೇಂಗಾ ಮಂಡಿಯೊಂದರ ಗುಮಾಸ್ತರು, ಜೋರು ಮಾತಿನವರಲ್ಲ. ಆ ಪಂಚೆಯನ್ನು ಮಡಚಿ ಪಕ್ಕಕ್ಕಿಟ್ಟು ಅವರಪ್ಪನ ಎದುರು ಕೂತರು.

“ಅಪ್ಪಾ, ಸಾಕು. ಶೆಡ್ ಖಾಲಿ ಮಾಡಾಣ. ಮಂಡಿಯೋರು ಚೀಲ ಇಡಾಕೆ ಜಾಗ ಕೇಳ್ತಾ ಅದಾರೆ. ನಿಂಗೇನಾರ ಆದ್ರೆ ನಾನೇನ್ ಮಾಡ್ಲಿ?”

ಮಾವ “ಆತು” ಎಂದರು. ಊಟಕ್ಕೆ ಕೂತವರು ಮುದ್ದೆ ಮುರಿಯಲೇ ಇಲ್ಲ. ಮಗ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ಕಷ್ಟ. ತಪ್ಪಿದ್ದಿದ್ದರೆ ನಾನು ಜಗಳ ಕಾಯಬಹುದಿತ್ತು. ಆ ಶೆಡ್ಡು ಹೋದರೆ ಈ ಮನುಷ್ಯ ಜಗುಲಿಯ ಮೇಲೆ ಕೂತು ರಸ್ತೆ ನೋಡುತ್ತಾ ಕೂರುತ್ತಾರೆ, ಮಳೆಗಾಲ ಕಳೆಯುವುದರೊಳಗೆ ಹೋಗಿಬಿಡುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು. ನನ್ನ ಮಟ್ಟಿಗೂ ಹೇಳಬೇಕಲ್ಲ: ಗೆರೆ ಎಳೆಯಲು ತಗಡಿಲ್ಲದೆ ನಾನು ಆ ಮನೆಯಲ್ಲಿ ಏನು ಮಾಡಲಿ ಎಂಬುದು ನನಗೂ ಹೊಳೆಯಲಿಲ್ಲ.

ಮೊಬೈಲಿನಲ್ಲಿ ಹುಡುಕಿದೆ. ಅಲ್ಲಿ ಸಿಕ್ಕಿದ್ದು ಪ್ಲಾಸ್ಮಾ ಕಟ್ಟರ್. ಕರೆಂಟು ಮತ್ತು ಒತ್ತಡದ ಗಾಳಿ ಸೇರಿ ಕಬ್ಬಿಣ ಸೀಳುವ ಮಿಷನ್ನು. ಸಿಲಿಂಡರ್ ಬೇಡ, ಸದಾ ಉರಿಯುವ ಜ್ವಾಲೆ ಇಲ್ಲ, ಕೈ ಬಿಟ್ಟರೆ ಆರಿಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಗ್ಯಾಸಿನ ಹಾಗೆ ಕೈಯನ್ನು ಗಾಳಿಯಲ್ಲಿ ತೇಲಿಸಿ ಹಿಡಿಯಬೇಕಿಲ್ಲ. ಕತ್ತರಿಸುವ ಟಾರ್ಚಿನ ಮೂತಿಯನ್ನು ತಗಡಿನ ಮೇಲೇ ಊರಿ, ಪಕ್ಕಕ್ಕೊಂದು ಕಬ್ಬಿಣದ ಪಟ್ಟಿ ಇಟ್ಟು, ಅದಕ್ಕೆ ಒರಗಿಸಿ ಎಳೆದುಕೊಂಡು ಹೋಗಬಹುದು. ನಡುಗುವ ಕೈಗೂ ಆಸರೆ. ಮಾವನಿಗೆ ತೋರಿಸಿದೆ. ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು.

“ಬೆಂಕೀನೇ ಕಾಣಲ್ಲ ಅಂದ್ರೆ ಕತ್ತರಿಸ್ತಾ ಐತೋ ಇಲ್ವೋ ಹೆಂಗ್ ಗೊತ್ತಾಗ್ತೈತೆ?”

“ತಗಡು ಎರಡು ತುಂಡಾದ್ರೆ ಗೊತ್ತಾಗುತ್ತೆ ಮಾವಯ್ಯ.”

ನಗು ಬಂತು ಅವರಿಗೆ. ಪಂಚೆ ಸುಟ್ಟ ಮೇಲೆ ನಕ್ಕಿದ್ದು ಅದೇ ಮೊದಲು. ನಮ್ಮ ಯಜಮಾನರ ಹತ್ತಿರ ಯುಗಾದಿಯವರೆಗೆ ವಾಯಿದೆ ಕೇಳಿದೆ. ಅಷ್ಟರೊಳಗೆ ಇವರ ಕೈಲಿ ನೆಟ್ಟಗೆ ಒಂದು ತಗಡು ಕತ್ತರಿಸಿ ತೋರಿಸುತ್ತೇವೆ, ಆಗದಿದ್ದರೆ ನಾನೇ ಶೆಡ್ಡು ಗುಡಿಸಿ ಚೀಲಕ್ಕೆ ಬಿಟ್ಟುಕೊಡುತ್ತೇನೆ ಎಂದೆ. ಅವರು ಒಪ್ಪಿದರು. ನನ್ನ ಬಾಯಿಗೆ ಹೆದರಿ ಒಪ್ಪಿದರೋ, ಅವರಪ್ಪನ ಮುಖ ನೋಡಿ ಒಪ್ಪಿದರೋ, ನಾನು ಕೆದಕಲು ಹೋಗಲಿಲ್ಲ.

ಮಿಷನ್ನು ಆರಿಸುವುದೆಂದರೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ದೊಡ್ಡದಾಯಿತು. ಮೊದಲು ಚಳ್ಳಕೆರೆಯ ಅಂಗಡಿಗೆ ಹೋದೆವು. ಅಲ್ಲಿಯ ಯುವಕ ಬಹಳ ಮರ್ಯಾದೆಯವನು, ಕೂರಿಸಿ ಟೀ ಕೊಟ್ಟು ಎಲ್ಲಕ್ಕಿಂತ ದೊಡ್ಡ ಮಿಷನ್ನಿನ ಮುಂದೆ ನಿಲ್ಲಿಸಿದ. “ಇದು ಎಂಥಾ ದಪ್ಪ ಪ್ಲೇಟಾದ್ರೂ ಸೀಳುತ್ತೆ ಯಜಮಾನ್ರೇ.”

“ನಾವು ರೈಲು ಸೀಳಾಕೆ ಹೊಂಟಿಲ್ಲಪ್ಪ. ಗೇಟು, ಕಿಟಕಿ, ತಗಡು, ಅಷ್ಟೇ” ಎಂದರು ಮಾವ.

“ಮುಂದಕ್ಕೆ ಬೇಕಾಗುತ್ತಲ್ರಿ. ಮೂರು ಫೇಸ್ ಕರೆಂಟಿದ್ರೆ ಸಾಕು.”

“ನಮ್ಮನೇಲಿ ಇರೋದೇ ಒಂದು ಫೇಸು. ಸಂಜೆ ಆದ್ರೆ ಅದೂ ಅರ್ಧ.”

ಅವನೂ ನಕ್ಕು ಸಣ್ಣ ಮಿಷನ್ನುಗಳ ಕಡೆ ಕರೆದೊಯ್ದ. ಅದರಲ್ಲೊಂದಕ್ಕೆ ಗಾಳಿಯ ಕಂಪ್ರೆಸರ್ ಹೊಟ್ಟೆಯೊಳಗೇ ಇತ್ತು. ಬೇರೆ ಕಂಪ್ರೆಸರ್ ಕೊಳ್ಳುವುದು ಬೇಡ, ನನಗೆ ಅದೇ ಇಷ್ಟವಾಯಿತು. ಮಾವ ಅದರ ಸುತ್ತ ಒಂದು ಸುತ್ತು ಹೊಡೆದು, “ಎತ್ತು ನೋಡಾಣ” ಎಂದರು ನನಗೆ. ಎತ್ತಿದೆ, ಸೊಂಟ ಹಿಡಿಯಿತು. “ಬ್ಯಾಡ ಬಿಡು” ಎಂದು ಮುಂದೆ ನಡೆದರು. ನನಗೆ ರೇಗಿತು. ಅದು ಶೆಡ್ಡಿನಲ್ಲಿ ಒಂದು ಕಡೆ ಕೂತಿರುವ ವಸ್ತು, ಯಾರು ಎತ್ತಿಕೊಂಡು ತಿರುಗುತ್ತಾರೆ?

ಕೊಳ್ಳುವ ಮುಂಚೆ ಒಮ್ಮೆ ಕತ್ತರಿಸಿ ನೋಡಬೇಕು ಎಂದು ಹಟ ಹಿಡಿದರು. ಮೊಳಕಾಲ್ಮೂರಿನಲ್ಲಿ ನನ್ನ ತವರುಮನೆಯ ಬೆನ್ನಿಗೇ ಗೇಟು ಮಾಡುವವರೊಬ್ಬರು ಪ್ಲಾಸ್ಮಾ ತಂದಿದ್ದರು. ಹೋದೆವು. ಅವರು ಸಂತೋಷದಿಂದಲೇ ಟಾರ್ಚು ಕೊಟ್ಟರು. ಮಾವ ಸ್ವಿಚ್ಚು ಒತ್ತಿದರು, ಚಿರ್ ಎಂದು ಕಿಡಿ ಹುಟ್ಟಿತು, ಬಿಟ್ಟರು. ಮತ್ತೆ ಒತ್ತಿದರು, ಬಿಟ್ಟರು. ಚಿಕ್ಕ ಮಕ್ಕಳ ಹಾಗೆ ಮತ್ತೆ ಮತ್ತೆ ಒತ್ತಿ ನೋಡಿದರು. ಆಗ ಗೋಡೆಯಾಚೆಯಿಂದ ನನ್ನ ತಮ್ಮ ಕೂಗಿಕೊಂಡು ಬಂದ.

“ಅಕ್ಕಾ, ಇದೇಂದಿ? ನೆಮಲಿಕಿ ರೆಂಡು ತಲಲು.”

ಇದೇನಿದು, ನವಿಲಿಗೆ ಎರಡು ತಲೆ ಎಂದು ಅವನು ಹೇಳಿದ್ದು. ಒಳಗೆ ಹೋಗಿ ನೋಡಿದರೆ ನಿಜವೇ. ಅವನು ಮಗ್ಗಕ್ಕೆ ಹೊಸದಾಗಿ ಕರೆಂಟಿನ ಜಕಾರ್ಡ್ ಹಾಕಿಸಿದ್ದ. ಮೊದಲು ಡಿಸೈನು ತೂತು ಕೊರೆದ ರಟ್ಟುಗಳಿಂದ ಬರುತ್ತಿತ್ತು, ಈಗ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆಯಿಂದ. ಪ್ಲಾಸ್ಮಾದ ಕಿಡಿ ಹುಟ್ಟಿದಾಗಲೆಲ್ಲ ಆ ಪೆಟ್ಟಿಗೆ ತಬ್ಬಿಬ್ಬಾಗಿ ಹಿಂದಿನ ಸಾಲುಗಳನ್ನೇ ಮತ್ತೆ ನೇಯ್ದಿತ್ತು. ಸೆರಗಿನ ನವಿಲಿಗೆ ತಲೆಯ ಮೇಲೊಂದು ತಲೆ. ತಮ್ಮನ ಮುಖ ಬಿಳಿಚಿಕೊಂಡಿತ್ತು. ನೇಯ್ದದ್ದನ್ನು ಅಷ್ಟೂ ಬಿಚ್ಚಬೇಕು. ಮಾವ ಚಪ್ಪಲಿ ಬಿಟ್ಟು ಒಳಗೆ ಬಂದು ಅವನ ಪಕ್ಕದಲ್ಲಿ ಕೂತರು. ನಡುಗುವ ಕೈಯಲ್ಲಿ ಎಳೆ ಮುಟ್ಟುವ ಹಾಗಿಲ್ಲ, ಅದಕ್ಕೆ ನಾನೂ ತಮ್ಮನೂ ಬಿಚ್ಚುತ್ತಾ ಹೋದಂತೆ ಅವರು ಬಿಚ್ಚಿದ ರೇಷ್ಮೆಯನ್ನು ಮಡಿಲಲ್ಲಿ ಹಿಡಿದುಕೊಂಡು ಕೂತರು. ಮುಗಿಯುವವರೆಗೂ ಏಳಲಿಲ್ಲ. “ತಪ್ಪು ನಂದಪ್ಪ, ಆಟ ಆಡ್ದಂಗ್ ಆಡ್ಬಿಟ್ಟೆ” ಎಂದು ನನ್ನ ತಮ್ಮನಿಗೆ, ಮಗನ ವಯಸ್ಸಿನವನಿಗೆ, ಹೇಳಿದರು.

ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಹೇಳಿದರು, “ಅಂಥಾ ಕಿಡಿಯ ಮಿಷನ್ ನಮಗ್ ಬ್ಯಾಡ. ಮಗ್ಗ ಕೆಡಿಸ್ತೈತೆ.”

“ಚಳ್ಳಕೆರೇಲಿ ನಮ್ಮ ಪಕ್ಕ ಮಗ್ಗ ಎಲ್ಲೈತೆ ಮಾವಯ್ಯ?”

“ಮುಂದೆ ಮೊಳಕಾಲ್ಮೂರಲ್ಲೂ ಕೆಲಸ ಸಿಗ್ತೈತೆ. ಎಲ್ಲಾರೂ ಮಗ್ಗಕ್ಕೆ ಕಬ್ಬಿಣದ ಚೌಕಟ್ಟು ಹಾಕಿಸ್ತಾ ಅದಾರೆ, ನೋಡ್ಲಿಲ್ವಾ? ಮನೆ ಒಳಗೇ ಹೋಗಿ ಕತ್ತರಿಸ್ಬೇಕಾಗ್ತೈತೆ.”

ಈ ವಯಸ್ಸಿನಲ್ಲಿ ಇವರು ಮಿಷನ್ನು ಹೊತ್ತುಕೊಂಡು ಮೊಳಕಾಲ್ಮೂರಿನ ಮನೆ ಮನೆಗೆ ಹೋಗುತ್ತಾರಂತೆ ಎಂದು ಮನಸ್ಸಿನಲ್ಲೇ ನಕ್ಕೆ. ಆದರೂ ಖುಷಿಯಾಯಿತು. ಮುಂದೆ ಎಂಬ ಮಾತು ಅವರ ಬಾಯಲ್ಲಿ ಬಂತಲ್ಲ, ಅಷ್ಟು ಸಾಕಾಗಿತ್ತು ನನಗೆ.

ಇಷ್ಟರಲ್ಲಿ ನಮ್ಮ ಯಜಮಾನರು, ಶೆಡ್ಡು ಮುಚ್ಚೋಣ ಎಂದವರೇ, ಒಂದು ಹಳೆಯ ಕಂಪ್ರೆಸರನ್ನು ಮಿಲ್ಲೊಂದರಿಂದ ಆಟೋದಲ್ಲಿ ಹಾಕಿಸಿಕೊಂಡು ಬಂದರು. ಶೆಡ್ಡಿನ ಬಾಗಿಲಲ್ಲಿ ಇಳಿಸಿದರು. ಮಾವ ಅದನ್ನು ಓಡಿಸಿ, ಗಾಳಿ ಬರುವ ಪೈಪಿನ ಮುಂದೆ ತಮ್ಮ ಬಿಳಿ ಟವೆಲ್ಲು ಹಿಡಿದರು. ನೋಡುತ್ತಿದ್ದಂತೆ ಟವೆಲ್ಲಿನ ಮೇಲೆ ಜಿಡ್ಡಿನ ಕಲೆ ಅರಳಿತು. ಮೂಸಿ ನೋಡಿದರು. ಮಗನ ಮೂಗಿಗೂ ಹಿಡಿದರು.

“ಇದು ಗಾಳಿ ಅಲ್ಲಪ್ಪ, ಒಗ್ಗರಣೆ.”

ಆ ಮಿಲ್ಲಿನಲ್ಲಿ ಯಾರೋ ಪುಣ್ಯಾತ್ಮರು ಕಂಪ್ರೆಸರಿಗೆ ಶೇಂಗಾ ಎಣ್ಣೆ ಹುಯ್ದಿದ್ದರು. ನಮ್ಮೂರಿನಲ್ಲಿ ಏನೇ ಕಿರುಗುಟ್ಟಲಿ, ಕೈಗೆ ಸಿಗುವುದು ಅದೇ ಎಣ್ಣೆ. ಬಾಗಿಲಿನ ಕೀಲಿಗೂ ಅದೇ, ಸೈಕಲ್ ಚೈನಿಗೂ ಅದೇ. ಅಂಥ ಗಾಳಿ ಹೋದರೆ ಪ್ಲಾಸ್ಮಾ ಟಾರ್ಚಿನ ತುದಿ ಎರಡು ದಿನವೂ ಬಾಳುವುದಿಲ್ಲ. ಅಪ್ಪ ಮಗ ಸೇರಿ ಇಡೀ ಭಾನುವಾರ ಅದನ್ನು ಬಿಚ್ಚಿ, ಒರೆಸಿ, ಅದರದೇ ಎಣ್ಣೆ ಹಾಕಿ, ಗಾಳಿಯ ತೇವ, ಜಿಡ್ಡು ಹಿಡಿಯುವ ಫಿಲ್ಟರ್ ಕೂರಿಸಿದರು. ನಮ್ಮ ಯಜಮಾನರ ಬಿಳಿ ಶರ್ಟು ಹಾಳಾಯಿತು. ಅಪ್ಪ ಮಗ ಅಷ್ಟು ಹೊತ್ತು ಒಟ್ಟಿಗೆ ಕೂತಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಶರ್ಟಿನ ಸುದ್ದಿ ಎತ್ತದೆ ಇಬ್ಬರಿಗೂ ಮೆಣಸಿನಕಾಯಿ ಬಜ್ಜಿ ಕರಿದುಕೊಟ್ಟೆ.

ಕೊನೆಗೆ ಮಿಷನ್ನು ಸಿಕ್ಕಿದ್ದು ಚಿತ್ರದುರ್ಗದಲ್ಲಿ. ಒಂದೇ ಫೇಸಿನಲ್ಲಿ ಓಡುವ, ಒಂದು ಕೈಯಲ್ಲಿ ಹಿಡಿಯಬಹುದಾದ ಸಣ್ಣದು. ಗಾಳಿಯ ಒತ್ತಡಕ್ಕೆ ಟಾರ್ಚಿನೊಳಗಿನ ತುದಿಯೇ ಹಿಂದಕ್ಕೆ ಸರಿದು ಕಿಡಿ ಹುಟ್ಟುತ್ತದೆ, ಪಕ್ಕದ ಮನೆಯ ಪೆಟ್ಟಿಗೆಗಳಿಗೆ ಉಪದ್ರವ ಇಲ್ಲ. ವೋಲ್ಟೇಜು ಬಿದ್ದರೂ ತಡೆದುಕೊಳ್ಳುತ್ತದೆ ಎಂದರು ಅಂಗಡಿಯವರು. ಇಷ್ಟಾದರೂ ಮಾವ ಹೂಂ ಎನ್ನಲಿಲ್ಲ. ಟಾರ್ಚುಗಳನ್ನು ಒಂದೊಂದಾಗಿ ತರಿಸಿದರು. ಚೀಲದಿಂದ ನನ್ನ ಚರ್ಮದ ಕೈಗವಸು ತೆಗೆದು ಕೊಟ್ಟು, “ಹಾಕ್ಕೊಂಡು ಹಿಡಿ” ಎಂದರು. ಹಿಡಿದೆ. “ಬೆರಳು ಸ್ವಿಚ್ಚಿಗೆ ಮುಟ್ತೈತಾ? ಮಣಿಕಟ್ಟು ನೋಯುತ್ತಾ? ಕೂತ್ಕೊಂಡು ಹಿಡಿ. ಬಗ್ಗಿ ಹಿಡಿ.” ಅಂಗಡಿಯವರ ಮುಂದೆ ಬಗ್ಗಿ, ಎದ್ದು, ಕೂತು ನನಗೆ ನಾಚಿಕೆಯಾಯಿತು.

“ನೀವೂ ಒಂದ್ಸಲ ಹಿಡೀರಿ ಮಾವಯ್ಯ.”

“ನಿನ್ನ ಕೈಗೆ ಸರಿಹೋದ್ರೆ ನನ್ನ ಕೈಗೂ ಸರಿಹೋಗ್ತೈತೆ.”

ನಡುಗುವುದು ಅಂಗಡಿಯವರಿಗೆ ಕಾಣುತ್ತದೆಂದು ಸಂಕೋಚಪಡುತ್ತಿದ್ದಾರೆ ಎಂದುಕೊಂಡೆ. ಹಿಡಿ ಸಣ್ಣದಿದ್ದ, ಎಲ್ಲಕ್ಕಿಂತ ಹಗುರವಾದ ಟಾರ್ಚನ್ನು ಆರಿಸಿದರು.

ಯುಗಾದಿಗೆ ಇನ್ನೂ ದಿನವಿತ್ತು. ಮಿಷನ್ನಿಗೆ ಕುಂಕುಮ ಇಟ್ಟು ನಿಂಬೆಹಣ್ಣು ಕೊಯ್ದೆವು. ನಾನು ಗೆರೆ ಎಳೆದೆ, ಪಟ್ಟಿ ಇಟ್ಟೆ. ನಮ್ಮ ಯಜಮಾನರು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಮಾವ ಕಪ್ಪು ಕನ್ನಡಕ ಹಾಕಿಕೊಂಡು ಟಾರ್ಚನ್ನು ಪಟ್ಟಿಗೆ ಒರಗಿಸಿದರು. ಕೈ ನಡುಗುತ್ತಲೇ ಇತ್ತು, ಆದರೆ ಮೂತಿ ಪಟ್ಟಿ ಬಿಟ್ಟು ಕದಲಲಿಲ್ಲ. ಕಿಡಿ ನೇರ ಕೆಳಗೆ ಸುರಿಯಿತು. ತಗಡು ಎರಡಾಗಿ ಬಿತ್ತು. ನಮ್ಮ ಯಜಮಾನರು ಬಂದು ಆರಿದ ಅಂಚಿನ ಮೇಲೆ ಬೆರಳಾಡಿಸಿದರು. ಏರಿಲ್ಲ, ಇಳಿವಿಲ್ಲ.

“ಆತಪ್ಪ, ನೀನೇ ಗೆದ್ದೆ. ಮಂಡಿಯೋರಿಗೆ ಬ್ಯಾರೆ ಜಾಗ ನೋಡ್ಕಳಾಕೆ ಹೇಳ್ತೀನಿ” ಎಂದು ಕಣ್ಣೊರೆಸಿಕೊಂಡು ಕೆಲಸಕ್ಕೆ ಹೋದರು. ನನಗೆ ಕುಣಿದಾಡುವಂತಾಗಿತ್ತು. ಮಾವ ಕನ್ನಡಕ ತೆಗೆದರು, ಸ್ಟೂಲಿನ ಮೇಲೆ ಕೂತರು, ಟಾರ್ಚನ್ನು ನನ್ನ ಕಡೆ ಚಾಚಿದರು.

“ಶೆಡ್ ಉಳೀತು. ಇನ್ನ ನೀನು ಹಿಡಿ.”

“ನಾನ್ಯಾಕೆ? ನಿಮಗೋಸ್ಕರ ತಂದಿದ್ದು.”

“ನೀನು ಹುಡುಕಿದ್ದು ನನಗೋಸ್ಕರ. ನಾನು ಆರಿಸಿದ್ದು ನಿನಗೋಸ್ಕರ. ನನ್ನ ಕೈ ಇವತ್ತು ಪಟ್ಟಿ ಹಿಡ್ಕೊಂಡು ನಡೀತು, ನಾಳೆ ಅದೂ ಆಗಲ್ಲ. ನಂಗೊತ್ತಿಲ್ವಾ?”

ನನಗೆ ಸಿಟ್ಟು ಬಂತು, ಬರೀ ಸಿಟ್ಟಲ್ಲ, ಅಳುವೂ ಬಂತು. ಇಷ್ಟು ದಿನ ಮಿಷನ್ನು ಎತ್ತಿಸಿದ್ದು, ಬಗ್ಗಿಸಿದ್ದು, ಮೊಳಕಾಲ್ಮೂರಿನ ಕೆಲಸ ಅಂದದ್ದು ಎಲ್ಲ ಒಟ್ಟಿಗೆ ತಿಳಿಯಿತು. ಅವರ ಕೈ ಉಳಿಸಲು ನಾನು ಊರೂರು ಅಲೆದಿದ್ದೆ, ಅವರು ಅಷ್ಟೂ ದಿನ ನನ್ನ ಕೈ ನೋಡುತ್ತಾ ಬಂದಿದ್ದರು. “ನಾನು ಹಿಡಿಯಲ್ಲ” ಎಂದು ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಅವರು ಮಂಡಕ್ಕಿಗೆ ಹೋಗಲಿಲ್ಲ. ಸ್ಟೂಲಿನ ಮೇಲೆ ಹಾಗೇ ಕೂತಿದ್ದರು. ಮಧ್ಯಾಹ್ನ ಹೋಗಿ ಟಾರ್ಚು ಹಿಡಿದೆ.

ನನ್ನ ಮೊದಲ ಕಟಿಂಗು ನೋಡುವ ಹಾಗಿರಲಿಲ್ಲ. ಹೆದರಿ ನಿಧಾನ ಎಳೆದೆ, ತಗಡಿನ ಕೆಳಗೆ ಕರಗಿದ ಕಬ್ಬಿಣದ ಕಿಟ್ಟ ಹೆಪ್ಪುಗಟ್ಟಿ ನೇತಾಡಿತು. ಮಾವ ಬೈಯಲಿಲ್ಲ. “ಹೆದರಿ ನಿಂತ್ರೆ ಕರಗ್ತೈತೆ. ಓಡಿದ್ರೆ ತೂತೇ ಬೀಳಲ್ಲ. ಕಿಡಿ ನೆಟ್ಟಗೆ ಕೆಳಗ್ ಹೋಗ್ತೈತಾ ನೋಡ್ಕೋ, ಅದೇ ಲೆಕ್ಕ” ಎಂದರು. ಅವತ್ತಿನಿಂದ ಸ್ಟೂಲಿನ ಮೇಲೆ ಅವರು, ತಗಡಿನ ಮೇಲೆ ನಾನು. ನನ್ನ ಕಟಿಂಗಿಗೆ ಅವರು ಯಾವತ್ತೂ ಭೇಷ್ ಎನ್ನಲಿಲ್ಲ. ಅಂಚಿನ ಮೇಲೆ ಅರ್ಧ ಉಗುರಿನ ಹೆಬ್ಬೆರಳು ಎಳೆದು ನೋಡಿ ಮುಂದಿನ ತಗಡು ತೋರಿಸುತ್ತಿದ್ದರು. ಗೇಟು, ಕಿಟಕಿ, ಒಮ್ಮೆ ನಾಯಕನಹಟ್ಟಿಯ ಹೋಟೆಲ್ಲೊಂದಕ್ಕೆ ಸ್ಟೀಲಿನ ಕಟ್ಟೆ, ಎಲ್ಲ ಮನೆಗೇ ಹುಡುಕಿಕೊಂಡು ಬಂದವು. ಮಿಲ್ಲಿನ ಕೆಲಸಕ್ಕೆ ಮಾತ್ರ ನಾನು ಹೋಗಿರಲಿಲ್ಲ. ಅದು ಪೂರಾ ಗಂಡಸರ ಜಾಗ. ಅಲ್ಲಿಗೆ ಹೆಂಗಸು ಹೋಗುವುದು ಶೇಂಗಾ ಹಸನು ಮಾಡಲು, ಮಿಷನ್ನು ಮುಟ್ಟಲು ಅಲ್ಲ. ಮಿಲ್ಲುಗಳ ಕೆಲಸ ಇಲ್ಲದೆ ಚಳ್ಳಕೆರೆಯಲ್ಲಿ ಕಟಿಂಗ್ ಶೆಡ್ಡು ಬಹಳ ದಿನ ನಡೆಯುವುದಿಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಮುಂದಿನ ವರ್ಷ ಬೇಸಿಗೆಯ ಕೊನೆಯಲ್ಲಿ ಮಾವನಿಗೆ ಜ್ವರ ಬಂತು. ಎದೆಗೆ ಕಫ ಕಟ್ಟಿತು, ಆಸ್ಪತ್ರೆಗೆ ಸೇರಿಸಿದೆವು. ನಾಲ್ಕು ದಿನ ಚೆನ್ನಾಗಿದ್ದ ಹಾಗೆ ಕಂಡು, ಒಂದು ಬೆಳಿಗ್ಗೆ ನಮ್ಮ ಯಜಮಾನರು ಟೀ ತರಲು ಹೋದಾಗ ಹೋಗಿಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಅವರ ಬಲಗೈ ನನ್ನ ಕೈಯಲ್ಲಿತ್ತು. ನಡುಕ ನಿಂತಿದ್ದರಿಂದಲೇ ನನಗೆ ತಿಳಿದದ್ದು.

ಕರ್ಮಾಂತರವೆಲ್ಲ ಮುಗಿದು ಸ್ವಲ್ಪ ದಿನವಾಗಿತ್ತು. ಮಾವ ಜೀವಮಾನವೆಲ್ಲ ದುಡಿದ ಮಿಲ್ಲಿನಿಂದ ಫೋನು ಬಂತು. ಎಣ್ಣೆ ಇಳಿಯುವ ತೊಟ್ಟಿಯ ಸ್ಟೀಲು ತಗಡು ಸೀಳಿದೆ, ಬದಲಾಯಿಸಬೇಕು, ಬನ್ನಿ ಎಂದರು. ಮಾವ ತೀರಿಕೊಂಡಿದ್ದು ಇವರಿಗೆ ಗೊತ್ತಿಲ್ಲವೇನೋ ಎಂದು ಹೇಳಿದೆ. ಗೊತ್ತು, ನೀವೇ ಬನ್ನಿ ಎಂದರು. ಮಿಷನ್ನು, ಫಿಲ್ಟರು ಆಟೋದಲ್ಲಿ ಹಾಕಿಕೊಂಡು ಹೋದೆ. ಗೇಟಿನಲ್ಲೇ ತಡೆಯುತ್ತಾರೆ, ಯಾರಮ್ಮ ನೀನು ಅನ್ನುತ್ತಾರೆ, ಅದಕ್ಕೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಖಾರವಾದ ಮಾತು ಹೊಂದಿಸಿಕೊಂಡಿದ್ದೆ.

ಆ ಮಿಲ್ಲಿನಲ್ಲಿ ಮೇಸ್ತ್ರಿ ಎಂದರೆ ನಮ್ಮ ಮಾವ ಒಬ್ಬರೇ. ಬೇರೆಯವರನ್ನೆಲ್ಲ ಹೆಸರು ಹಿಡಿದು ಕೂಗುತ್ತಿದ್ದರು. ಆಟೋ ನಿಂತದ್ದೇ ಒಳಗಿನಿಂದ ಫೋರ್‌ಮನ್ ಕೂಗಿದರು, “ಲೇ, ಮೇಸ್ತ್ರಿ ಬಂದ್ರು, ಗೇಟ್ ತೆಗೀರಿ.”

ನಾನು ಹಿಂತಿರುಗಿ ನೋಡಿದೆ. ಆ ಕ್ಷಣಕ್ಕೆ ಮಾವನೇ ನನ್ನ ಹಿಂದೆ ಬಂದಿದ್ದಾರೆ ಎಂದೇ ಅನ್ನಿಸಿತು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಫೋರ್‌ಮನ್ ಬಂದು ಮಿಷನ್ನು ಇಳಿಸಿಕೊಳ್ಳುತ್ತಾ ಹೇಳಿದರು, “ನಿಮ್ಮಾವ ಕೈ ನಡುಗಿಸ್ಕೊಂಡು ಒಂದ್ ಮಿಲ್ಲೂ ಬಿಡದಂಗೆ ತಿರುಗಿದ್ರಮ್ಮ. ನೀವು ಕತ್ತರಿಸಿದ ತಗಡಿನ ಚೂರು ಜೇಬಲ್ಲಿ ಇಟ್ಕೊಂಡು ಬರೋರು. ಅಂಚು ಮುಟ್ಟಿ ನೋಡ್ರಿ ಅನ್ನೋರು. ನನ್ನ ಕೈಗಿಂತ ಚೆನ್ನಾಗೈತೆ ಅನ್ನೋರು. ನಾನಿಲ್ದಾಗ ಅವಳು ಬರ್ತಾಳೆ, ಗೇಟಲ್ಲಿ ನಿಲ್ಲಿಸ್ಬ್ಯಾಡ್ರಿ ಅಂತ ನನ್ನ ಕೈಲಿ ಮಾತು ತಗೊಂಡ್ರು.”

ನನಗೆ ಒಂದು ದಿನವೂ ಭೇಷ್ ಎನ್ನದ ಮನುಷ್ಯ. ಹೊಂದಿಸಿಕೊಂಡು ಹೋಗಿದ್ದ ಖಾರದ ಮಾತು ಒಂದೂ ಬೇಕಾಗಲಿಲ್ಲ. ಕರೆಂಟು ಕೊಟ್ಟರು, ಗಾಳಿ ಕೊಟ್ಟರು. ಗೆರೆ ಎಳೆದೆ. ಕಪ್ಪು ಕನ್ನಡಕ ಹಾಕಿಕೊಂಡು ಅದರ ಒಳಗೇ ಅತ್ತುಬಿಟ್ಟೆ, ಮಿಲ್ಲಿನಲ್ಲಿ ಯಾರಿಗೂ ಕಾಣಲಿಲ್ಲ. ಕಣ್ಣು ತಿಳಿಯಾಗುವವರೆಗೆ ಕಾದು, ಸ್ವಿಚ್ಚು ಒತ್ತಿದೆ.